ಮುಂಗಡವೆಂಬ ಬೇಡಿ: ‘ಚೋಮನ ದುಡಿ’ಯ ಕಾಫಿ ತೋಟ

ವಸಾಹತು ಕಾಲದ ಕರಾರು ಕೂಲಿಗಳ ಚರಿತ್ರೆಯಲ್ಲಿ ಕ್ಯೂಬಾದ ಚೀನೀ ಕಾರ್ಮಿಕರದು ದಾರುಣವಾದ ಅಧ್ಯಾಯ. 1847ರಿಂದ 1874ರವರೆಗೆ ಒಂದು ಲಕ್ಷಕ್ಕೂ ಮಿಕ್ಕಿದ ಚೀನೀಯರು ಎಂಟು ವರ್ಷಗಳ ಕರಾರಿಗೆ ಒಳಪಟ್ಟು ಅಲ್ಲಿಗೆ ಹೋದರು. ಬಹುಪಾಲು ಜನ ಕಬ್ಬಿನ ತೋಟಗಳನ್ನು ಸೇರಿದರು. 1874ರಲ್ಲಿ ಚೀನಾ ಸರ್ಕಾರ ಕಳುಹಿಸಿದ ಆಯೋಗವು 1,176 ಮಂದಿಯ ಹೇಳಿಕೆಗಳನ್ನು ಬರೆದುಕೊಂಡಿತು. ಅದರಿಂದಾಗಿ ಅವರ ಸಂಕಟವು ಅವರದೇ ಸಾಕ್ಷ್ಯವಾಗಿ ಉಳಿದಿದೆ.

ಕನ್ನಡ ನಾಡಿನ ಕಾಫಿ ತೋಟಗಳ ಕೂಲಿಗಳು ಕಡಲು ದಾಟಬೇಕಾಗಿರಲಿಲ್ಲ. ಘಟ್ಟ ಹತ್ತಿದರೆ ಸಾಕಿತ್ತು. ಮೇಸ್ತ್ರಿಯಿಂದ ಪಡೆದ ಮುಂಗಡವೇ ಅವರನ್ನು ಕಟ್ಟಿಹಾಕುತ್ತಿತ್ತು. ಮುಂಗಡ ಪಡೆದು ಕೆಲಸ ಬಿಟ್ಟವನು ಹಣ ಹಿಂದಿರುಗಿಸಬೇಕು, ಇಲ್ಲವೇ ದುಡಿದು ತೀರಿಸಬೇಕು. ಮ್ಯಾಜಿಸ್ಟ್ರೇಟರ ಈ ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಸೆರೆವಾಸ. ಇದು 1859ರ 13ನೆಯ ಕಾಯಿದೆ. ಕೊಡಗಿನ ತೋಟಗಾರರೂ ಇದನ್ನು ನೆಚ್ಚಿದ್ದರು. ಸಾಲಗಾರನನ್ನು ಅಪರಾಧಿಯನ್ನಾಗಿಸಿದ ಈ ಶಾಸನವನ್ನು ರದ್ದುಪಡಿಸಲು 1925ರವರೆಗೆ ಕಾಯಬೇಕಾಯಿತು.

ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದುದು 1933ರಲ್ಲಿ. ವಿಮರ್ಶೆಯು ಈ ಕಾದಂಬರಿಯನ್ನು ಹೆಚ್ಚಾಗಿ ಅಸ್ಪೃಶ್ಯತೆ ಮತ್ತು ಭೂಮಿಯ ಹಂಬಲದ ಕಥೆಯೆಂದೇ ಓದಿದೆ. ಆ ಓದು ಸರಿಯಾದುದೇ. ಆದರೆ ಅದಷ್ಟೇ ಸಾಲದು. ಚೋಮನ ಸಂಸಾರ ಒಡೆಯುವುದು ಕಾಫಿ ತೋಟದ ಸಾಲದಿಂದ. ಅದನ್ನು ತೀರಿಸಲು ಘಟ್ಟ ಹತ್ತಿದ ಇಬ್ಬರು ಮಕ್ಕಳಲ್ಲಿ ಒಬ್ಬನು ಜ್ವರಕ್ಕೆ ಬಲಿಯಾಗುತ್ತಾನೆ. ಇನ್ನೊಬ್ಬನು ಮತಾಂತರಗೊಂಡು ತಂದೆಗೆ ಎರವಾಗುತ್ತಾನೆ. ಕಡೆಗೆ ಸಾಲವು ಸಲ್ಲುವುದು ಮಗಳು ಬೆಳ್ಳಿ ತೆತ್ತ ಬೆಲೆಯಿಂದ.

ಕಾದಂಬರಿ ದಾಖಲೆಯಲ್ಲ, ಕಾರಂತರು ತೋಟದ ಕೂಲಿಯೂ ಅಲ್ಲ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಕ್ಯೂಬಾದ ಹೇಳಿಕೆಗಳಿಗೆ ಇದನ್ನು ಸಾಟಿಯಾಗಿ ನಿಲ್ಲಿಸಲಾಗದು. ಆದರೆ ಕಾಯಿದೆಗೆ ಕಾಣುತ್ತಿದ್ದುದು ಮುಂಗಡ ಪಡೆದವನೊಬ್ಬನೇ. ಆ ಸಾಲವು ತಂದೆಯಿಂದ ಮಕ್ಕಳ ಮೈಗೆ ಇಳಿಯುವ ಬಗೆಯನ್ನು ಕಾದಂಬರಿ ಕಂಡಿದೆ. ತೋಟದ ಲೆಕ್ಕದಲ್ಲಿ ಬೆಳ್ಳಿಯ ಪಾಲಿಗೆ ‘ಸಾಲ ಸಂದಾಯ’ ಎಂಬುದಕ್ಕಿಂತ ಹೆಚ್ಚಿನ ಬರಹ ಇರಲಾರದು.

ಆದುದರಿಂದ ಸಂಶೋಧಕರು ಶಾಸನ, ನ್ಯಾಯಾಲಯದ ಕಡತ ಹಾಗೂ ತೋಟದ ಲೆಕ್ಕಪುಸ್ತಕಗಳ ಪಕ್ಕದಲ್ಲಿ ಈ ಕೃತಿಯನ್ನು ಇರಿಸಿ ಓದುವುದು ಉಚಿತ. ಚೋಮನಿಗೆ ಭೂಮಿ ಏಕೆ ದಕ್ಕಲಿಲ್ಲ ಎಂದು ಕೇಳಿದವರು, ಅವನ ಮಕ್ಕಳ ದುಡಿಮೆ ಯಾರಿಗೆ ದಕ್ಕಿತೆಂದೂ ಕೇಳಬೇಕು.