ಉಣ್ಣೆಗೆ ಮಡಿ, ನೂತ ಕೈಗೆ ಮೈಲಿಗೆ

ನಮ್ಮ ಕೊಣನೂರು ಸೀಮೆಯ ಹಳೇ ಮಡಿವಂತರ ಮನೆಗಳಲ್ಲಿ ಒಂದು ನೇಮವಿತ್ತು. ಹತ್ತಿ ಬಟ್ಟೆಯನ್ನು ಯಾರಾದರೂ ಮುಟ್ಟಿದರೆ ಮೈಲಿಗೆ. ಮತ್ತೆ ಒಗೆದು ಒಣಗಿಸಬೇಕು. ಉಣ್ಣೆಯ ಧಾಬಳಿಗೆ ಆ ಕಾಟವಿಲ್ಲ. ಉಣ್ಣೆ ತಾನಾಗೇ ಮಡಿ! ಸರಿ ಸ್ವಾಮಿ, ಆ ಉಣ್ಣೆಯನ್ನು ಕತ್ತರಿಸಿದವರು ಯಾರು, ಹಿಂಜಿದವರು ಯಾರು, ನೂತವರು ಯಾರು? ನನ್ನಜ್ಜಿಯಂಥ ಕುರುಬರ ಹೆಂಗಸರು. ಅಜ್ಜಿಯ ಕಂಬಳಿ ನಡುಮನೆಗೆ ಹೋಗುತ್ತಿತ್ತು. ಅಜ್ಜಿ ಅಂಗಳದಲ್ಲೇ ನಿಂತಿರುತ್ತಿದ್ದಳು.

ಇದನ್ನು ಬರೆಯುವಾಗ ನನ್ನ ಜಾತಿಯ ಲೆಕ್ಕವನ್ನೂ ಒಪ್ಪಿಸಬೇಕು. ಇದೇ ಅಜ್ಜಿ ಹೊಲಗೇರಿಯವರಿಗೆ ಕಂಬಳಿ ಮಾರುವಾಗ ಕೈಗೆ ಕೊಡುತ್ತಿರಲಿಲ್ಲ, ನೆಲಕ್ಕೆ ಎಸೆಯುತ್ತಿದ್ದಳು. ಅವರು ಇಟ್ಟ ದುಡ್ಡಿಗೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದಳು. ನಮ್ಮ ಮನೆಗೆ ಮೊದಲ ಬಿ.ಎ. ನಾನು. ಕಾಲೇಜಿಗೆ ಹೋಗುವಾಗ ಕೇಳಿದೆ, 'ಯಾಕಜ್ಜಿ ಹಂಗ್ ಮಾಡ್ತಿದ್ದೆ?' 'ಎಲ್ಲಾರೂ ಹಂಗೇ ಮಾಡೋರು ಕಣ್ ಮಗ' ಅಂದು ರಾಟೆ ಕಡೆ ತಿರುಗಿಕೊಂಡಳು. ಮೇಲಿನವರನ್ನು ಬೈಯುವ ನಾವು ಈ ಮಾತಿಗೂ ಜವಾಬು ಹೇಳಬೇಕು.

ಕೆಲಸ ಎಂಥದ್ದು ಗೊತ್ತೇ? ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಬೇಕು. ಮುಳ್ಳು, ಹಿಕ್ಕೆ ಆರಿಸಬೇಕು. ಬಿಲ್ಲಿನಿಂದ ಎಕ್ಕಿ, ರಾಟೆಯಲ್ಲಿ ನೂಲಬೇಕು. ಹುಣಸೆ ಬೀಜ ಅರೆದು ಕುದಿಸಿ, ಆ ಗಂಜಿಯನ್ನು ಹಾಸಿನ ನೂಲಿಗೆ ಬಳಿಯಬೇಕು. ಆಮೇಲೆ ಗುಂಡಿ ಮಗ್ಗ. ಕುರಿಯ ಜಿಡ್ಡು ಪೂರ್ತಿ ಹೋಗದ ಆ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ನಾಟಿ ಮಾಡಿದವರಿಗೆ ಗೊತ್ತು, ಜಡಿಮಳೆಯಲ್ಲೂ ಬೆನ್ನು ಬೆಚ್ಚಗಿರುತ್ತದೆ. ಈಗ ಪೇಟೆಯವರು 'ಫೆಲ್ಟಿಂಗ್' ಅಂತ ಕಲಿಸುತ್ತಾರೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರಗಳಿವೆ. ಬಿಸಿನೀರು, ಸೋಪು ಹಾಕಿ ಉಜ್ಜಿದರೆ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ. ಮಗ್ಗ ಬೇಡ, ನೂಲೂ ಬೇಡ. ಇದನ್ನು ಕೇಳಿ ಅಜ್ಜಿ ನಕ್ಕಳು. ಕಂಬಳಿಯನ್ನು ಬಿಸಿನೀರಲ್ಲಿ ಉಜ್ಜಿ ಮುದುಡಿಸಿದರು ಅಂತ ಸೊಸೆಯಂದಿರಿಗೆ ಅವಳು ಬೈದದ್ದೇ ಬೈದದ್ದು.

ಹೋದ ವರ್ಷ ಒಂದು ಸಂಸ್ಥೆಯವರು ಬಂದು ನಮ್ಮ ಹಟ್ಟಿಯ ಹೆಂಗಸರಿಗೆ ಹತ್ತು ದಿನ 'ಕೌಶಲ್ಯ ತರಬೇತಿ' ಕೊಟ್ಟರು. ಉಣ್ಣೆಯ ಚೀಲ, ಕೀಚೈನು, ಕಿವಿಯೋಲೆ, ಹೆಣೆದ ಮಫ್ಲರು. ಹಾಜರಿ ಪುಸ್ತಕದಲ್ಲಿ ಅಜ್ಜಿಯ ಹೆಸರಿನ ಮುಂದೆ ಬರೆದದ್ದು 'ಕೌಶಲ್ಯವಿಲ್ಲ'. ಐವತ್ತು ವರ್ಷ ನೂತವಳಿಗೆ! ಕಲಿಸಲು ಬಂದ ಹುಡುಗಿಗೆ ಎಳೆ ಕಡಿಯದ ಹಾಗೆ ನೂಲುವುದನ್ನು ಅಜ್ಜಿಯೇ ತೋರಿಸಿಕೊಟ್ಟಳು. ಅದಕ್ಕೆ ಯಾವ ಪ್ರಮಾಣಪತ್ರವೂ ಇಲ್ಲ. ಮಾಡಿದ ಸಾಮಾನನ್ನೆಲ್ಲ ಸಂಸ್ಥೆಯವರು ಒಯ್ದರು. ಚೀಲಕ್ಕೆ ಕಟ್ಟಿದ ಚೀಟಿಯಲ್ಲಿ 'ಕೈಯಿಂದ ಮಾಡಿದ್ದು' ಅಂತ ಮಾತ್ರ ಇತ್ತು. ಯಾರ ಕೈ? ನಿನ್ನೆ ಮೈಲಿಗೆಯಾಗಿದ್ದ ಕೈಯ ಹೆಸರಲ್ಲಿ ಇವತ್ತು ಪೇಟೆಯಲ್ಲಿ ಬೆಲೆ ಏರುತ್ತದೆ. ಆ ಕೈಗೆ ಹೆಸರೂ ಇಲ್ಲ, ದುಡ್ಡೂ ಇಲ್ಲ.

ಸರ್ಕಾರದ 1985ರ ಕೈಮಗ್ಗ ಮೀಸಲು ಕಾಯ್ದೆಯ ಪಟ್ಟಿಯಲ್ಲಿ ಕಂಬಳಿಯೂ ಇದೆ. ಪಟ್ಟಿ ಪಟ್ಟಿಯಾಗಿಯೇ ಇದೆ. ಸಂತೆಯಲ್ಲಿ ಹಳೇ ಬಟ್ಟೆಯ ಚಿಂದಿಯಿಂದ ಮಾಡಿದ ಪಾಣಿಪತ್‌ನ ರಗ್ಗು, ಪಾಲಿಯೆಸ್ಟರ್ ಹೊದಿಕೆ. ಅಂಗಡಿಯಲ್ಲಿ 'ಉಲ್ಲನ್' ಅಂತ ಕೊಡುವ ದಾರ ಹೆಚ್ಚಾಗಿ ಅಕ್ರಿಲಿಕ್; ಕುರಿಗೂ ಅದಕ್ಕೂ ನಂಟೇ ಇಲ್ಲ. ಹಾಸನದ ಹೆಸರಿನಲ್ಲೇ ಒರಟು ಉಣ್ಣೆಯ ಒಂದು ಕುರಿ ತಳಿ ಇದೆ. ಈಗ ಕುರಿ ಅಂದರೆ ಬರೀ ಮಾಂಸದ ಲೆಕ್ಕ. ಕತ್ತರಿಸುವ ಕೂಲಿಯೂ ಹುಟ್ಟದೆ ಉಣ್ಣೆ ತಿಪ್ಪೆ ಸೇರುತ್ತಿದೆ. ನಮ್ಮ ಕುರಿ ಮೇಯುತ್ತಿದ್ದ ಕಡೆ ಈಗ ಹೊಗೆಸೊಪ್ಪು. ಚುನಾವಣೆ ಬಂದಾಗ ಮಾತ್ರ ಎಲ್ಲ ಪಕ್ಷದವರ ಹೆಗಲಿಗೂ ಕರಿ ಕಂಬಳಿ ಬೇಕು!

ಚೀಲ ಮಾಡಬೇಡಿ, ಮಫ್ಲರು ಹೆಣೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಮಾಡಿ. ಆದರೆ ಸಂಘ ಹೆಂಗಸರದ್ದೇ ಆಗಬೇಕು, ಹಟ್ಟಿಯವರೂ ಕೇರಿಯವರೂ ಒಂದೇ ಚಾಪೆ ಮೇಲೆ ಕೂರಬೇಕು, ಚೀಟಿಯಲ್ಲಿ ಅವರ ಹೆಸರಿರಬೇಕು, ಲೆಕ್ಕದ ಪುಸ್ತಕ ಅವರ ಕೈಲಿರಬೇಕು. ಮೇಷ್ಟ್ರುಗಳೇ, ನಿಮ್ಮ ಶಾಲೆಯ ಕೈಕೆಲಸದ ಪಾಠಕ್ಕೆ ಊರಿನ ನೂಲುವ ಮುದುಕಿಯನ್ನು ಕರೆದು, ಕುರ್ಚಿ ಹಾಕಿ ಕೂರಿಸಿ.

ಬರುವ ತಿಂಗಳು ಸಂಸ್ಥೆಯವರು ಮತ್ತೆ ಬರುತ್ತಾರಂತೆ. ಅಜ್ಜಿ ನಿನ್ನೆ ಕೇಳಿದಳು: 'ಹೋದ್ಸಲ ನೂತಿದ್ದುಕ್ಕೆ ಕೂಲಿ ಯಾವತ್ತು ಕೊಡ್ತಾರಂತೆ, ಕೇಳ್ಲಾ ಮಗ.'