ಮೊನೆ ಸರಿಯಿದ್ದರೆ ಗೆರೆ ಸರಿ

ಅಡುಗೆಮನೆಯ ಅಟ್ಟದ ಮೇಲೆ ಹಳೆಯ ಹಿತ್ತಾಳೆಯ ಕೊಳಗವೋ ತಾಮ್ರದ ಬಿಂದಿಗೆಯೋ ಇದ್ದರೆ ಒಮ್ಮೆ ಕೆಳಗಿಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಕಂಠದ ಸುತ್ತ ಕಣ್ಣಾಡಿಸಿ. ಅಜ್ಜಿಯ ಹೆಸರೋ ಮದುವೆಯ ಇಸವಿಯೋ ಅಲ್ಲಿ ಕೊರೆದಿರುವುದುಂಟು. ಪಕ್ಕದಲ್ಲಿ ಮೊನ್ನೆ ಕೊಂಡ ಸ್ಟೀಲ್ ಡಬ್ಬಿಯೊಂದನ್ನು ಇಡಿ. ಅದರ ಮೇಲೂ ಹೆಸರಿರಬಹುದು. ಪಾತ್ರೆ ಅಂಗಡಿಯವರು ಕರೆಂಟಿನ ಪೆನ್ನಿನಿಂದ ಬರೆದುಕೊಟ್ಟ ಹೆಸರು ಅದು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಕರೆಂಟಿನ ಪೆನ್ನು ಲೋಹವನ್ನು ಕುಟ್ಟಿ ಗೀಚಿರುತ್ತದೆ. ಪಳಗಿದ ಕೈಯ ಉಳಿಯಾದರೆ ಲೋಹವನ್ನು ಕತ್ತರಿಸಿ ಹೊರತೆಗೆದಿರುತ್ತದೆ. ಹಾಗೆ ಕತ್ತರಿಸಿದ ಗೆರೆಯ ಎರಡು ಗೋಡೆಗಳೂ ನುಣುಪಾಗಿದ್ದು, ಪಾತ್ರೆ ತಿರುಗಿಸಿದಂತೆಲ್ಲ ಮಿಂಚುತ್ತವೆ.

ಆ ಮಿಂಚು ಎಲ್ಲಿಂದ ಬಂತು? ಗೆರೆ ಎಳೆದ ಮೇಲೆ ಅದರೊಳಗೆ ಯಾರೂ ಪಾಲಿಷ್ ಮಾಡಿಲ್ಲ. ಉಳಿಯ ಮೊನೆಗಿದ್ದ ನುಣುಪೇ ಗೆರೆಗೆ ಇಳಿದಿದೆ. ಮೊನೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರಿದ್ದರೂ ಗೆರೆಯಲ್ಲಿ ಅದೇ ಗೀರು ಮೂಡುತ್ತದೆ. ಈ ವಾರ ಆ ಮೊನೆಯ ವಿಚಾರ. ಅದನ್ನು ಸಾಣೆ ಹಿಡಿಯುವ ಬಗೆ ಮತ್ತು ಆ ಕೆಲಸಕ್ಕೆ ಬಂದಿರುವ ವಿದ್ಯುತ್ ಸಾಣೆಯ ವಿಚಾರ.

ಲೋಹದ ಮೇಲೋ ಕಲ್ಲಿನ ಮೇಲೋ ಅಕ್ಷರ, ಚಿತ್ತಾರ ಕೊರೆಯುವುದಕ್ಕೆ ನಮ್ಮಲ್ಲಿ 'ಕಂಡರಿಸುವುದು' ಎಂಬ ಹಳೆಯ ಮಾತಿದೆ. ಬನ್ನೂರಿನ ಸುತ್ತಿನ ಸೀಮೆಗೆ ಈ ಕಸುಬು ಹೊಸದಲ್ಲ. ಬನ್ನೂರು ಇರುವ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲೇ ಗಂಗರ ರಾಜಧಾನಿಯಾಗಿದ್ದ ತಲಕಾಡೂ ಇದೆ. ಗಂಗರ ಹಲವು ತಾಮ್ರಶಾಸನಗಳ ಕೊನೆಯಲ್ಲಿ ಕೊರೆದವನ ಹೆಸರು ವಿಶ್ವಕರ್ಮಾಚಾರ್ಯ ಎಂದು ಬರುತ್ತದೆ. ರಾಜನ ಹೆಸರಿರುವ ತಗಡಿನ ಮೇಲೇ ಕಸುಬುದಾರನ ಹೆಸರೂ ಉಳಿದಿದೆ. ಬಿ. ಎಲ್. ರೈಸ್ ಅವರು 1894ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳನ್ನು ಒಟ್ಟಿಗೆ ನೋಡಬಹುದು. ಇನ್ನು ಬನ್ನೂರಿಗೆ ಹತ್ತಿರದ ಸೋಮನಾಥಪುರವಂತೂ ಇದ್ದೇ ಇದೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿ ತನ್ನ ಹೆಸರನ್ನು ಕೊರೆದಿಟ್ಟಿದ್ದಾನೆ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಈ ದೇವಾಲಯವೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ತಾಮ್ರ ಕೊರೆದವನಿರಲಿ, ಬಳಪದ ಕಲ್ಲು ಕೆತ್ತಿದವನಿರಲಿ, ಇಬ್ಬರಿಗೂ ದಿನದ ಮೊದಲ ಕೆಲಸ ಒಂದೇ ಆಗಿತ್ತು. ಉಳಿಯನ್ನು ಹರಿತ ಮಾಡಿಕೊಳ್ಳುವುದು.

ಮೂರು ಮುಖ, ಒಂದು ಮೊನೆ

ಕಬ್ಬು ಕಡಿಯುವ ಮಚ್ಚನ್ನು ಕಲ್ಲಿಗೆ ಉಜ್ಜಿ ಮಸೆಯುವುದನ್ನು ಬನ್ನೂರಿನ ಕಡೆಯ ಮಕ್ಕಳು ನೋಡಿಯೇ ಇರುತ್ತಾರೆ. ಮಚ್ಚಿನ ಅಲಗು ಎಂದರೆ ಎರಡು ಸಮತಲಗಳು ಕೂಡುವ ಗೆರೆ. ಅದು ತುಸು ದುಂಡಗಾದರೂ ಕಬ್ಬು ತುಂಡಾಗುತ್ತದೆ. ಕಂಡರಿಸುವ ಉಳಿಯ ಲೆಕ್ಕ ಇನ್ನೂ ಸೂಕ್ಷ್ಮ. ಅದು ಎರಡು ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಚೌಕ ಕಡ್ಡಿ. ಹಿಂದೆ ಅಂಗೈಯಲ್ಲಿ ಕೂರುವ ಅಣಬೆಯಾಕಾರದ ಮರದ ಹಿಡಿ. ಕಡ್ಡಿಯ ತುದಿಯನ್ನು ಓರೆಯಾಗಿ, ಸಾಮಾನ್ಯವಾಗಿ 45 ಡಿಗ್ರಿಗೆ ಸವೆಸುತ್ತಾರೆ. ಇದು ಮುಖ. ಅಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಇಳಿಜಾರನ್ನು 15ರಿಂದ 20 ಡಿಗ್ರಿಗೆ ಕೊಡುತ್ತಾರೆ. ಇದನ್ನು ಹಿಮ್ಮಡಿ ಎನ್ನೋಣ. ಹಿಮ್ಮಡಿ ಇಲ್ಲದಿದ್ದರೆ ಉಳಿ ತಗಡಿನ ಮೇಲೆ ಮಲಗಿಬಿಡುತ್ತದೆ, ಬೆರಳಿಗೆ ಜಾಗವೇ ಇರುವುದಿಲ್ಲ.

ರೇಖಾಗಣಿತದ ಪಾಠ ನೆನಪು ಮಾಡಿಕೊಳ್ಳಿ. ಎರಡು ಸಮತಲಗಳು ಸೇರಿದರೆ ಗೆರೆ, ಮೂರು ಸೇರಿದರೆ ಬಿಂದು. ಉಳಿಯ ಮೊನೆ ಆ ಬಿಂದು. ಮೂರರಲ್ಲಿ ಒಂದು ತಲ ದುಂಡಗಾದರೂ ಬಿಂದು ಅಳಿಸಿಹೋಗುತ್ತದೆ. ಎರಡು ಹಿಮ್ಮಡಿಗಳು ಹೆಚ್ಚುಕಡಿಮೆಯಾದರೆ ಗೆರೆ ಒಂದು ಪಕ್ಕಕ್ಕೆ ವಾಲುತ್ತದೆ. ಹಿಮ್ಮಡಿಯ ಉದ್ದ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಚೆನ್ನ. ಬಹಳ ಉದ್ದವಾದರೆ ಬಳ್ಳಿಯ ತಿರುವಿನಲ್ಲಿ ಅದೇ ಹಿಂದಿನಿಂದ ಉಜ್ಜಿಕೊಂಡು ಬಂದು ಗೆರೆಯ ಗೋಡೆಯನ್ನು ಕೆಡಿಸುತ್ತದೆ.

ಇಷ್ಟು ಚಿಕ್ಕ ಮುಖಗಳನ್ನು ಬರಿಗೈಯಲ್ಲಿ ಹಿಡಿದು ಕಲ್ಲಿನ ಮೇಲೆ ಉಜ್ಜುವುದು ಹೇಗೆ? ಕೈ ಮುಂದೆ ಹೋಗುವಾಗ ಮಣಿಕಟ್ಟು ಒಂದಿಷ್ಟು ಏಳುತ್ತದೆ, ಹಿಂದೆ ಬರುವಾಗ ಇಳಿಯುತ್ತದೆ. ಮುಖ ಸಪಾಟಾಗುವ ಬದಲು ಉಬ್ಬುತ್ತದೆ. ಕಸುಬಿನ ಮನೆಯಲ್ಲಿ ಹುಟ್ಟಿದ ಹುಡುಗ ಅಪ್ಪನ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ಉಜ್ಜಿ ಇದನ್ನು ಕೈಗೆ ಕಲಿಸಿಕೊಳ್ಳುತ್ತಿದ್ದ. ಹೊರಗಿನಿಂದ ಬಂದ ಹುಡುಗನಿಗೋ ಹುಡುಗಿಗೋ ಆ ಅವಕಾಶವಿರಲಿಲ್ಲ. ಮೊಂಡು ಉಳಿ ಹಿಡಿದು ಗೆರೆ ಎಳೆಯಲು ಹೋಗಿ, ಗೆರೆ ಜಾರಿ, ತನಗೆ ಕೈಗುಣವೇ ಇಲ್ಲವೆಂದುಕೊಂಡು ಕೈಬಿಡುವುದೇ ಹೆಚ್ಚು. ದೋಷ ಕೈಯದಾಗಿರದೆ ಮೊನೆಯದಾಗಿರುವುದುಂಟು. ಇನ್ನೊಂದು ಮಾತು: ಕೈ ಕೊಯ್ಯುವುದು ಬಹಳ ಮಟ್ಟಿಗೆ ಮೊಂಡು ಉಳಿಯೇ. ಹರಿತವಾದದ್ದು ಲೋಹವನ್ನು ಕಚ್ಚಿಕೊಂಡು ಹೋಗುತ್ತದೆ. ಮೊಂಡಾದದ್ದಕ್ಕೆ ಬಲ ಹಾಕಬೇಕು. ಬಲ ಹಾಕಿದಾಗ ಜಾರುತ್ತದೆ. ಜಾರಿದ್ದು ತಗಡು ಹಿಡಿದ ಎಡಗೈಗೆ ಬರುತ್ತದೆ.

ವಿದ್ಯುತ್ ಸಾಣೆ ಮಾಡುವುದೇನು?

ನಮ್ಮ ಹಿಂದಿನವರ ಸಾಣೆಯೂ ಸಾಮಾನ್ಯವಾದದ್ದೇನಲ್ಲ. ಕುರುಂದದ ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರ ಮಾಡಿಕೊಳ್ಳುತ್ತಿದ್ದರು. ಹಳೆಯ ಮೈಸೂರು ಸೀಮೆಯಲ್ಲಿ ಸಿಗುವ ಈ ಖನಿಜದ ಇಂಗ್ಲಿಷ್ ಹೆಸರು 'ಕೊರಂಡಮ್' ಎಂಬುದೂ ದಕ್ಷಿಣ ಭಾರತದಿಂದಲೇ ಹೋದ ಶಬ್ದ. ಗಡಸುತನದಲ್ಲಿ ಕುರುಂದವನ್ನು ಮೀರಿಸಿದ್ದು ವಜ್ರ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಕೃತಕ ವಜ್ರ ತಯಾರಾಯಿತು. ಅಲ್ಲಿಂದಾಚೆಗೆ ವಜ್ರದ ಪುಡಿ ಕಾರ್ಖಾನೆಗಳಿಗೆ ಎಟುಕುವ ಸಾಮಗ್ರಿಯಾಯಿತು.

ವಿದ್ಯುತ್ ಸಾಣೆಯಲ್ಲಿ ಇರುವುದು ಮೂರೇ ಅಂಗ. ಒಂದು, ನಿಧಾನವಾಗಿ ತಿರುಗುವ ಮೋಟರು. ಎರಡು, ಅದರ ಮೇಲೆ ಗ್ರಾಮಫೋನ್ ತಟ್ಟೆಯಂತೆ ಮಲಗಿರುವ, ವಜ್ರದ ಪುಡಿ ಅಂಟಿಸಿದ ಬಿಲ್ಲೆ. ಮೂರು, ಉಳಿಯನ್ನು ಬೇಕಾದ ಕೋನಕ್ಕೆ ಹಿಡಿದು ನಿಲ್ಲಿಸುವ ತೋಳು. ತೋಳಿನ ಮೇಲೆ ನಿಮ್ಮ ಕೋನಮಾಪಕದಂತೆ ಡಿಗ್ರಿಯ ಗುರುತುಗಳಿರುತ್ತವೆ. ಎಡ ಹಿಮ್ಮಡಿಗೆ ಎಷ್ಟು ತಿರುಗಿಸಿದಿರೋ ಬಲ ಹಿಮ್ಮಡಿಗೂ ಅಷ್ಟೇ ತಿರುಗಿಸಿದರಾಯಿತು.

ಬಿಲ್ಲೆಗಳಿಗೆ ನಂಬರುಗಳಿವೆ. 600ರ ಬಿಲ್ಲೆ ಆಕಾರ ಕೊಡುವುದಕ್ಕೆ, 1200ರದ್ದು ನಯ ಮಾಡುವುದಕ್ಕೆ. ನಂಬರು ದೊಡ್ಡದಾದಷ್ಟೂ ಪುಡಿ ಸಣ್ಣದು. ಒಂದಂಗುಲ ಜರಡಿಯಲ್ಲಿ ಎಷ್ಟು ಕಣ್ಣುಗಳು ಎಂಬ ಎಣಿಕೆಯಿಂದ ಹುಟ್ಟಿದ ಲೆಕ್ಕ ಅದು. ಕೊನೆಗೆ ಸಿರಾಮಿಕ್ ಬಿಲ್ಲೆಯ ಮೇಲೆ ಅರ್ಧ ಮೈಕ್ರಾನಿನ ವಜ್ರದ ಪುಡಿ ಸವರಿ ಉಜ್ಜಿದರೆ ಮುಖ ಕನ್ನಡಿಯಾಗುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹರಿತ ಬಂತೋ ಇಲ್ಲವೋ ನೋಡಲು ಕಸುಬುದಾರರು ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಊರುತ್ತಾರೆ. ಜಾರದೆ ನಿಂತರೆ ಸರಿ. ಜಾರಿದರೆ ಮತ್ತೆ ಸಾಣೆಗೆ.

ಬಿಸಿಯೇ ಶತ್ರು

'ಗ್ಯಾರೇಜಿನ ಗ್ರೈಂಡರಿಗೆ ಹಿಡಿದರೆ ಆಗದೇ?' ಎಂದು ಕೇಳುವವರಿದ್ದಾರೆ. ಒಂದು ಸಣ್ಣ ಲೆಕ್ಕ ಮಾಡೋಣ. ಗ್ರೈಂಡರಿನ ಚಕ್ರ 150 ಮಿಲಿಮೀಟರ್ ಅಗಲ, ನಿಮಿಷಕ್ಕೆ 2800 ಸುತ್ತು ಎಂದಿಟ್ಟುಕೊಳ್ಳಿ. ಅಂಚಿನ ವೇಗ ಸೆಕೆಂಡಿಗೆ 22 ಮೀಟರ್, ಅಂದರೆ ಗಂಟೆಗೆ ಸುಮಾರು 80 ಕಿಲೋಮೀಟರ್. ಬನ್ನೂರು ರಸ್ತೆಯ ಬಸ್ಸಿಗಿಂತ ಜೋರು! ಸಾಣೆಯ ಬಿಲ್ಲೆ 125 ಮಿಲಿಮೀಟರ್ ಅಗಲವಿದ್ದು ನಿಮಿಷಕ್ಕೆ 300 ಸುತ್ತು ತಿರುಗಿದರೆ ಅಂಚಿನ ವೇಗ ಗಂಟೆಗೆ 7 ಕಿಲೋಮೀಟರ್. ಅವಸರದಲ್ಲಿ ನಡೆಯುವವರ ವೇಗ.

ವೇಗ ಹೆಚ್ಚಿದರೆ ಘರ್ಷಣೆಯ ಬಿಸಿ ಹೆಚ್ಚು. ಸೂಜಿಯಂಥ ಮೊನೆಗೆ ಆ ಬಿಸಿಯನ್ನು ಹಿಂದಕ್ಕೆ ಹರಿಸುವಷ್ಟು ಮೈಯಿಲ್ಲ. ಸಾದಾ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿಗೆ ಒಣ ಭತ್ತದ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, 300ರ ಹೊತ್ತಿಗೆ ನೀಲಿಯಾಗುತ್ತದೆ. ನೀಲಿಯಾಯಿತೆಂದರೆ ಕುಲುಮೆಯಲ್ಲಿ ಕೊಟ್ಟ ಹದ ಇಳಿಯಿತೆಂದೇ ಅರ್ಥ. ಆಮೇಲೆ ಎಷ್ಟು ಚೂಪು ಮಾಡಿದರೂ ನಾಲ್ಕು ಗೆರೆ ಎಳೆಯುವುದರೊಳಗೆ ಮೊಂಡಾಗುತ್ತದೆ. ನಿಧಾನದ ಬಿಲ್ಲೆ, ಮೇಲೆ ಒಂದೆರಡು ಹನಿ ನೀರು, ಹಗುರವಾದ ಒತ್ತಡ. ಈ ಮೂರು ಇದ್ದರೆ ಹದ ಉಳಿಯುತ್ತದೆ.

ಬಿಸಿ ತಾಳುವ ಉಕ್ಕುಗಳೂ ಬಂದಿವೆ. ಅಮೆರಿಕದ ಟೇಲರ್ ಮತ್ತು ವೈಟ್ ಎಂಬಿಬ್ಬರು ರೂಪಿಸಿದ ಹೈ ಸ್ಪೀಡ್ ಸ್ಟೀಲನ್ನು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಜನ ಬೆರಗಾಗಿ ನೋಡಿದರು. ಅದಕ್ಕಿಂತ ಗಡಸಾದ ಟಂಗ್‌ಸ್ಟನ್ ಕಾರ್ಬೈಡನ್ನು ನಮ್ಮ ವರ್ಕ್‌ಶಾಪುಗಳಲ್ಲಿ 'ವಿಡಿಯಾ' ಎನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ 'ವಜ್ರದಂತೆ' ಎನ್ನುವ ಎರಡು ಪದಗಳನ್ನು ಮುರಿದು ಜೋಡಿಸಿದ ಹೆಸರದು. ಆ ಹೆಸರಿನ ಕಾರ್ಖಾನೆ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಇದ್ದುದರಿಂದ ಮಾತು ನಮ್ಮವರ ಬಾಯಲ್ಲಿ ನೆಲೆಯೂರಿತು. ವಿಡಿಯಾದ ಉಳಿಯನ್ನು ಮನೆಯ ಸಾಣೆಕಲ್ಲು ಸವೆಸಲಾರದು. ಅದಕ್ಕೆ ವಜ್ರವೇ ಬೇಕು.

ಯಂತ್ರ ಹೇಳದಿರುವ ಮಾತು

ಯಂತ್ರ ಕೋನವನ್ನು ಹಿಡಿದು ನಿಲ್ಲಿಸುತ್ತದೆ. ಯಾವ ಕೋನ ಎಂದು ಅದು ಹೇಳುವುದಿಲ್ಲ. ಬೆಳ್ಳಿ, ತಾಮ್ರದಂಥ ಮೆತ್ತಗಿನ ಲೋಹಕ್ಕೆ 45 ಡಿಗ್ರಿಯ ಮುಖ ಸಾಕು. ಉಕ್ಕಿನ ಮೇಲೆ ಅದೇ ಮೊನೆ ಮುರಿದರೆ 50, 55ಕ್ಕೆ ಏರಿಸಬೇಕು. ಮೊನೆಯ ಅಡಿಯ ಕೋನ 90 ಡಿಗ್ರಿಯಿದ್ದರೆ ಗೆರೆ ಕಿರಿದು, ಆಳ. 120 ಇದ್ದರೆ ಅಗಲ, ಹೊಳಪು ಹೆಚ್ಚು. ಇದನ್ನೆಲ್ಲ ಕೊರೆದು, ಕೆಡಿಸಿ, ನೋಡಿಯೇ ತಿಳಿಯಬೇಕು.

ನಮ್ಮ ನಾಡಿನಲ್ಲೇ ಇದಕ್ಕೆ ದೊಡ್ಡ ನಿದರ್ಶನ ಬೀದರ್. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಮೈಲುತುತ್ತದ ನೀರಿನಿಂದ ಕಪ್ಪು ಮಾಡಿಕೊಂಡು, ಅದರ ಮೇಲೆ ಬಿದರಿ ಕಲಾವಿದರು ಚಿತ್ತಾರವನ್ನು ಉಳಿಯಿಂದ ಕೊರೆಯುತ್ತಾರೆ. ಆ ಕೊರೆತದೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಕೊರೆದ ಗೋಡೆ ಅಡ್ಡಾದಿಡ್ಡಿಯಾದರೆ ಬೆಳ್ಳಿ ನಿಲ್ಲುವುದಿಲ್ಲ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಗೌರವ ಸಂದದ್ದು ಇಂಥ ಕೈಗೆ.

ಹೆತ್ತವರಿಗೆ ಎರಡು ಮಾತು

ಮಗನೋ ಮಗಳೋ ಈ ಕಸುಬಿನ ಕಡೆ ಮನಸ್ಸು ಮಾಡಿದರೆ ಮೊದಲು ಪರದೇಶದ ಯಂತ್ರದ ಬೆಲೆ ಕೇಳಿ ಹೌಹಾರಬೇಡಿ. ಮೇಲೆ ಹೇಳಿದ ಮೂರು ಅಂಗಗಳಲ್ಲಿ ಮೋಟರು ಸಮಯ ಉಳಿಸುತ್ತದೆ, ಅಷ್ಟೆ. ಮೊನೆ ಸರಿಬರುವುದು ಕೋನ ಹಿಡಿಯುವ ತೋಳಿನಿಂದ. ಆ ತೋಳೊಂದನ್ನು ಕೊಂಡೋ, ಒಳ್ಳೆಯ ಫಿಟ್ಟರಿಂದ ಮಾಡಿಸಿಯೋ, ವಜ್ರದ ಪುಡಿಯ ಚಪ್ಪಟೆ ಫಲಕದ ಮೇಲೆ ಕೈಯಿಂದಲೇ ಉಜ್ಜಿದರೂ ಅದೇ ಮೊನೆ ಬರುತ್ತದೆ. ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ದಿನಕ್ಕೆ ಹತ್ತಾರು ಉಳಿ ಸವೆಯುವಷ್ಟು ಕೆಲಸ ಬಂದ ಮೇಲೆ ಮೋಟರಿನ ಯೋಚನೆ ಮಾಡಿದರಾಯಿತು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರೂ ಶಿಲ್ಪಿಗಳೂ ಇದ್ದಾರೆ. ವಯಸ್ಸು 18 ತುಂಬಿ, ಆ ಕಸುಬಿನಲ್ಲೇ ದುಡಿಯುತ್ತಿರುವವರಿಗೆ ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆಂದು 15,000 ರೂಪಾಯಿವರೆಗೆ ನೆರವು ಅದರಲ್ಲಿದೆ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಓದಿನ ದಾರಿಯಲ್ಲೇ ಹೋಗುವುದಾದರೆ ಮೈಸೂರಿನಲ್ಲಿ ಎಲ್ಲರೂ 'ಕಾವಾ' ಎಂದು ಕರೆಯುವ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿದೆ. ಅಲ್ಲಿ ಶಿಲ್ಪಕಲೆ, ಗ್ರಾಫಿಕ್ಸ್ ವಿಭಾಗಗಳಿವೆ.

ಎಚ್ಚರಿಕೆಯ ಮಾತನ್ನೂ ಹೇಳಬೇಕು. ತಿರುಗುವ ಬಿಲ್ಲೆಯ ಮುಂದೆ ಕೂರುವಾಗ ಜಡೆ ಕಟ್ಟಿರಬೇಕು, ದುಪಟ್ಟಾ, ಸಡಿಲ ತೋಳು ಬೇಡ. ಕಣ್ಣಿಗೆ ಕನ್ನಡಕ ಬೇಕು. ವಿಡಿಯಾದ ಧೂಳಿನಲ್ಲಿ ಕೋಬಾಲ್ಟ್ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೇಡು. ನೀರು ಹಾಕಿಯೇ ಉಜ್ಜಿ, ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ ಮೇಲೆ ಊದಬೇಡಿ.

ಮಾಡಿ ನೋಡಿ

ಉಳಿ ಸಿಗುವವರೆಗೆ ಕಾಯಬೇಕಾಗಿಲ್ಲ. ಎರಡು ಪೆನ್ಸಿಲ್, ಬಡಗಿಗಳು ಬಳಸುವ ನಯವಾದ ಉಪ್ಪುಕಾಗದದ ಒಂದು ತುಂಡು, ಹಳೆಯ 45 ಡಿಗ್ರಿಯ ಸೆಟ್ ಸ್ಕ್ವೇರ್, ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಮೊದಲನೆಯ ಪೆನ್ಸಿಲನ್ನು ಬರಿಗೈಯಲ್ಲಿ ಓರೆಯಾಗಿ ಹಿಡಿದು ಐವತ್ತು ಸಲ ಉಜ್ಜಿ. ಎರಡನೆಯದನ್ನು ಸೆಟ್ ಸ್ಕ್ವೇರಿನ ಓರೆ ಅಂಚಿಗೆ ಕಟ್ಟಿ, ಸೆಟ್ ಸ್ಕ್ವೇರನ್ನು ನೆಟ್ಟಗೆ ನಿಲ್ಲಿಸಿಕೊಂಡು ಅಷ್ಟೇ ಸಲ ಉಜ್ಜಿ. ಈಗ ಎರಡು ತುದಿಗಳನ್ನೂ ಭೂತಗನ್ನಡಿಯಲ್ಲಿ ನೋಡಿ. ಒಂದು ಉಬ್ಬಿರುತ್ತದೆ, ಇನ್ನೊಂದು ಸಪಾಟಾಗಿರುತ್ತದೆ. ಕೈ ಅದೇ, ಕಾಗದವೂ ಅದೇ. ವ್ಯತ್ಯಾಸ ಮಾಡಿದ್ದು ಕೋನ ಹಿಡಿದ ಆ ತುಂಡು ಪ್ಲಾಸ್ಟಿಕ್. ಇದನ್ನು ಕಣ್ಣಾರೆ ಕಂಡ ಮೇಲೆ ಸೋಮನಾಥಪುರಕ್ಕೆ ಹೋಗಿ ಮಲ್ಲಿತಮ್ಮನ ಹೆಸರನ್ನು ಹುಡುಕಿ. ಆ ಅಕ್ಷರಗಳ ಅಂಚನ್ನು ನೀವು ಬೇರೆಯೇ ಕಣ್ಣಿನಿಂದ ನೋಡುತ್ತೀರಿ.