ಸೇತುವೆಯ ಬಣ್ಣಕ್ಕೂ ಬಜೆಟ್ ಬೇಕು

ರಾಮೇಶ್ವರದ ದಾರಿಯಲ್ಲಿರುವ ಪಾಂಬನ್‌ನ ಹೊಸ ರೈಲು ಸೇತುವೆ 2025ರ ಏಪ್ರಿಲ್ 6ರಂದು ಉದ್ಘಾಟನೆಯಾದಾಗ ಎಲ್ಲರ ಕಣ್ಣು ಹಡಗಿಗೆ ದಾರಿ ಬಿಡಲು ಮೇಲೇರುವ 72.5 ಮೀಟರ್ ಭಾಗದ ಮೇಲಿತ್ತು. ಉಳಿದ ಉದ್ದಕ್ಕೂ ರೈಲನ್ನು ಹೊರುವುದು ತಲಾ 18.3 ಮೀಟರಿನ 99 ಉಕ್ಕಿನ ಪ್ಲೇಟ್ ಗರ್ಡರ್ ಅಂಕಣಗಳು.

ಉಕ್ಕಿನ ಹಲಗೆಗಳನ್ನು ಬೆಸೆದು ಮಾಡಿದ ತೊಲೆಯೇ ಪ್ಲೇಟ್ ಗರ್ಡರ್. ಮೇಲಿನ ಮತ್ತು ಕೆಳಗಿನ ಹಲಗೆಗಳು ಬಾಗುವಿಕೆಯನ್ನು ತಡೆದರೆ, ನಡುವಿನ ತೆಳು ಹಲಗೆ ಕತ್ತರಿಸುವಂಥ ಒತ್ತಡವನ್ನು ತಾಳುತ್ತದೆ. ಕಡಿಮೆ ಉಕ್ಕಿನಲ್ಲಿ ಹೆಚ್ಚು ಬಲ ದೊರೆಯುವುದೇ ಇದರ ಮಿತವ್ಯಯ. ಆದರೆ ಹಲಗೆ ತೆಳುವಾದಷ್ಟೂ ತುಕ್ಕಿನ ಪೆಟ್ಟು ದೊಡ್ಡದು. 1914ರ ಹಳೆಯ ಸೇತುವೆಯ ಮೇಲೆ 2022ರ ಡಿಸೆಂಬರ್‌ನಲ್ಲಿ ರೈಲು ಸಂಚಾರ ನಿಂತದ್ದಕ್ಕೂ ತುಕ್ಕೇ ಮುಖ್ಯ ಕಾರಣ. ಹೊಸದಕ್ಕೆ ಪಾಲಿಸಿಲಾಕ್ಸೇನ್ ಲೇಪನವಿದೆ; ಅದೂ ಶಾಶ್ವತವಲ್ಲ.

ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದು ನಿರ್ವಹಣೆಯ ಬಾಬ್ತಿಗೆ ಎಂಬುದನ್ನು ಸೇವಾವಧಿಯಲ್ಲಿ ಪದೇ ಪದೇ ಕಂಡಿದ್ದೇನೆ. ಅಂಥ ಟಿಪ್ಪಣಿಗಳಿಗೆ ನಾನೂ ಸಹಿ ಹಾಕಿದ್ದೇನೆ. ಬಣ್ಣ ಬಳಿಯುವುದನ್ನು ಮುಂದೂಡಿ ಉಳಿಸಿದ ಹಣ ವಾಸ್ತವದಲ್ಲಿ ಲೆಕ್ಕಕ್ಕೆ ಬಾರದ ಸಾಲ. ಆದ್ದರಿಂದ ಸೇತುವೆಯ ಜೀವಿತಾವಧಿಯ ತಪಾಸಣೆ ಮತ್ತು ಬಣ್ಣದ ವೆಚ್ಚವನ್ನು ಮೂಲ ಅಂದಾಜಿನಲ್ಲೇ ಸೇರಿಸಿ, ಬೇರೆಡೆಗೆ ತಿರುಗಿಸಲಾಗದ ನಿಧಿಯಾಗಿ ಕಾದಿಡಬೇಕು. ಉದ್ಘಾಟನೆ ಒಂದು ದಿನದ್ದು, ತುಕ್ಕಿಗೆ ರಜೆಯಿಲ್ಲ.